ಕಲ್ಪಿತ ರಾಜ್ಯದ ಟಿಪ್ಪಣಿ ವಹಿ

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೇ ಕಥೆ ಬೆಳೆಸುವ ಆಟವೊಂದು 1974ರಲ್ಲಿ ಅಮೇರಿಕಾದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಹೆಸರಿನಿಂದ ಪ್ರಕಟವಾಯಿತು. ತಾಳಮದ್ದಲೆಯನ್ನು ಕೇಳಿ ಬೆಳೆದ ನಮ್ಮ ಹೊನ್ನಾವರ, ಕುಮಟಾ ಸೀಮೆಯವರಿಗೆ ಇದು ತೀರ ಹೊಸದಲ್ಲ. ಅಲ್ಲಿ ಪ್ರಸಂಗದ ಪದ್ಯಗಳು ಸ್ಥಿರ. ಅರ್ಥಧಾರಿಯ ಮಾತು ಸ್ವತಂತ್ರ. ಕಥೆ ನಡಿಸುವವಳೂ ಸ್ಥಿರವಾದದ್ದನ್ನು ಮಾತ್ರ ಬರೆದು, ಮಿಕ್ಕದ್ದನ್ನು ಆಡುವವರಿಗೆ ಬಿಡತಕ್ಕದ್ದು.

ವಹಿಯನ್ನು ಮೂರು ಭಾಗ ಮಾಡುವದು ಲೇಸು. ಮೊದಲನೆಯದು ಸ್ಥಳಗಳು. 16ನೇ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲವನ್ನು ಮಾದರಿಯಾಗಿಟ್ಟುಕೊಂಡರೆ, ಭಟ್ಕಳದ ಬಂದರು, ಶರಾವತಿಯ ದೋಣಿದಾರಿ, ಕುಮಟೆಯ ಸಮೀಪದ ಮಿರ್ಜಾನ ಕೋಟೆ, ಇವುಗಳಿಗೆ ಒಂದೊಂದು ಪುಟ: ಅಲ್ಲಿ ಯಾರಿರುವರು, ಅವರಿಗೆ ಬೇಕಾದದ್ದೇನು, ಯಾರ ಭಯ. ಮೆಣಸಿನ ವ್ಯಾಪಾರ, ಪೋರ್ಚುಗೀಜರ ಹಡಗು. ಇಷ್ಟರಿಂದಲೇ ಕಥೆ ಹುಟ್ಟುವದು. ಎರಡನೆಯದು ಗುಟ್ಟುಗಳು, ಆಟದಲ್ಲಿ ಬಯಲಾಗುವ ತನಕ ಇವನ್ನು ಬದಲಿಸಬಹುದು. ಮೂರನೆಯದು ಆಟದಲ್ಲಿ ನಡೆದುಹೋದ ಸಂಗತಿಗಳು, ತಾರೀಖಿನೊಡನೆ. ಇವನ್ನು ಅಳಿಸಕೂಡದು.

ಈ ಮೂರನೆಯ ಭಾಗವೇ ಮುಖ್ಯವೆಂದು ನಮ್ಮ ಅಭಿಪ್ರಾಯ. ರಾಣಿಯ ಪಾತ್ರದ ಹುಡುಗಿಯು ಅಂಬಿಗರಿಗೆ ದೋಣಿಯ ಸುಂಕವನ್ನು ಬಿಡುವೆನೆಂದು ವಚನವಿತ್ತರೆ, ಮುಂದಿನ ವಾರ ಕಥೆ ನಡಿಸುವವಳು ಅದನ್ನು ಮರೆಯಬಾರದು. ಮರೆತರೆ, ತನ್ನ ಮಾತಿಗೆ ತೂಕವಿಲ್ಲವೆಂದು ಆ ಹುಡುಗಿ ಕಲಿಯುವಳು. ಬರೆದಿಟ್ಟರೆ, ಆಡಿದ ಮಾತಿಗೆ ತಾನೇ ಹೊಣೆಯೆಂದು ಕಲಿಯುವಳು. ಆದಕಾರಣ ಮನೆಯಲ್ಲಿ ಇಂಥ ವಹಿಯನ್ನು ಕಂಡ ತಾಯಿತಂದೆಗಳು ಅದನ್ನು ರದ್ದಿಗೆ ಹಾಕದೆ, ಒಮ್ಮೆ ಓದಿ ನೋಡಬೇಕೆಂದು ಬಿನ್ನವಿಸುತ್ತೇವೆ.