ಪ್ರಶ್ನಾವಳಿ ಕೈಗೆ ಬಂದಾಗ: ಕಾಲೇಜು ಯುವಜನರಿಗೊಂದು ಆಹ್ವಾನ

ಊರ್ಡಿಗೆರೆ ಹಾಗೂ ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ತುಮಕೂರಿನ ಕಾಲೇಜುಗಳಿಗೆ ಹೋಗಿಬರುವ ನಮ್ಮ ಯುವಕ ಯುವತಿಯರ ಕೈಗೆ ಪಠ್ಯಪುಸ್ತಕಗಳ ಜೊತೆಗೆ ಆಗಾಗ್ಗೆ ಪ್ರಶ್ನಾವಳಿಗಳೂ ಬರುತ್ತವೆ. ಕೆಲವೊಮ್ಮೆ ಅಚ್ಚಾದ ನಾಲ್ಕು ಹಾಳೆ, ಕೆಲವೊಮ್ಮೆ ಮೊಬೈಲಿಗೆ ಬಂದ ಲಿಂಕ್. ಎಷ್ಟು ಗಂಟೆ ನಿದ್ರಿಸುತ್ತೀರಿ? ಶುಲ್ಕವನ್ನು ಯಾರು ಕಟ್ಟುತ್ತಾರೆ? ಮನಸ್ಸು ಕುಗ್ಗಿದಾಗ ಯಾರೊಡನೆ ಮಾತನಾಡುತ್ತೀರಿ? ಹೀಗೆ ಸಾಗುತ್ತವೆ ಪ್ರಶ್ನೆಗಳು. ಮೇಲ್ಭಾಗದಲ್ಲಿ ‘ಭಾಗವಹಿಸುವುದು ಐಚ್ಛಿಕ’ ಎಂಬ ಒಂದು ಸಾಲು. ಅದನ್ನು ಓದಿದ ಅನೇಕರು ಹಾಳೆಯನ್ನು ಮಡಿಚಿಟ್ಟುಬಿಡುತ್ತಾರೆ. ಪರೀಕ್ಷೆಗೆ ಬರುವುದಿಲ್ಲವೆಂದು ಉಪನ್ಯಾಸಕರು ಹೇಳಿದ ಪಾಠದ ಗತಿಯೇ ಅದಕ್ಕೂ ಆಗುತ್ತದೆ.

ಇದು ಸಣ್ಣ ವಿಷಯವಲ್ಲವೆಂದು ನಾವು ಹೇಳಲು ಕಾರಣವಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಗೆ ಶರಣಾದರು. ದೆಹಲಿಯ ಐಐಟಿಯಲ್ಲಿ ಮಕ್ಕಳನ್ನು ಕಳೆದುಕೊಂಡ ಎರಡು ಕುಟುಂಬಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ತೀರ್ಪಿತ್ತು, ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಈ ಕಾರ್ಯಪಡೆಯು ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಅಧ್ಯಾಪಕರನ್ನೂ ಸಮೀಕ್ಷೆಗೆ ಆಹ್ವಾನಿಸಿತು. ದಂಡವಿಲ್ಲ, ಬಲವಂತವಿಲ್ಲ, ಮನಸ್ಸಿದ್ದವರು ಉತ್ತರಿಸಬಹುದಿತ್ತು. ದೇಶದ ಅತ್ಯುನ್ನತ ನ್ಯಾಯಪೀಠ ನೇಮಿಸಿದ ಮಂಡಳಿಯೊಂದು ಹದಿನೆಂಟರ ಹರೆಯದವರ ಮುಂದೆ ‘ದಯವಿಟ್ಟು ತಿಳಿಸಿ’ ಎಂದು ನಿಲ್ಲುವುದು ನಿತ್ಯ ನಡೆಯುವ ಸಂಗತಿಯೇನಲ್ಲ.

ಇಂಥ ಕರೆಗೆ ಉತ್ತರಿಸುವವರು ಯಾರು? ಸಾಮಾನ್ಯವಾಗಿ ನಗರದಲ್ಲಿ ಬೆಳೆದವರು, ಇಂಗ್ಲಿಷ್ ಸಲೀಸಾಗಿ ಬಲ್ಲವರು, ಬಿಡುವುಳ್ಳವರು. ಬೆಳಿಗ್ಗೆ ಹಸುವಿನ ಹಾಲು ಕರೆದು ಡೇರಿಗೆ ಹಾಕಿ, ಕೊನೆಯ ಬಸ್ಸು ತಪ್ಪೀತೆಂದು ಸಂಜೆಯ ತರಗತಿಯನ್ನು ಅರ್ಧಕ್ಕೇ ಬಿಟ್ಟು ಬರುವ ಹುಡುಗಿ ಉತ್ತರಿಸುವುದಿಲ್ಲ. ಸಂಶೋಧಕನ ಕೋಷ್ಟಕದಲ್ಲಿ ಅವಳಿಲ್ಲ. ಅವಳಿಲ್ಲದ ಕೋಷ್ಟಕವನ್ನು ನೆಚ್ಚಿ ಬಸ್ಸಿನ ವೇಳೆ, ವಿದ್ಯಾರ್ಥಿನಿಲಯ, ಆಪ್ತಸಮಾಲೋಚಕರ ನೇಮಕ ಇವೆಲ್ಲವೂ ತೀರ್ಮಾನವಾಗುತ್ತವೆ. ಸಾವಿರ ಮಂದಿ ಉತ್ತರಿಸಿದರೂ ಆ ಸಾವಿರವೂ ಒಂದೇ ಬಗೆಯ ಮನೆಗಳಿಂದ ಬಂದಿದ್ದರೆ ಲೆಕ್ಕ ವಾಲಿಯೇ ಇರುತ್ತದೆ.

ಆದರೂ ‘ಐಚ್ಛಿಕ’ ಎಂಬ ಮಾತನ್ನು ಅಳಿಸಿಹಾಕಬೇಕೆಂದು ನಾವು ಕೇಳುವವರಲ್ಲ. ಇಲ್ಲವೆನ್ನಲು ಅವಕಾಶವಿಲ್ಲದೆಡೆ ಹೌದೆಂಬುದಕ್ಕೆ ಅರ್ಥವಿಲ್ಲ. ಮನುಷ್ಯನನ್ನು ಎಂದಿಗೂ ಬರಿಯ ಸಾಧನವಾಗಿ ಬಳಸಕೂಡದೆಂಬ ತತ್ತ್ವಜ್ಞಾನಿ ಕಾಂಟನ ವಾದವನ್ನು ಗುರುಮಠದಲ್ಲಿ ನಾವು ಓದಿದ್ದುಂಟು. ಸಂಶೋಧನೆಗಾಗಿ ಕೇಳುವ ಒಪ್ಪಿಗೆಯ ಬುಡದಲ್ಲಿರುವುದೂ ಅದೇ ವಿಚಾರ. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮನೆಮನೆಗೆ ಬಂದಾಗ, ಮಾಹಿತಿ ನೀಡುವುದು ಜನರ ಸ್ವಇಚ್ಛೆಗೆ ಬಿಟ್ಟದ್ದು, ಒತ್ತಾಯ ಸಲ್ಲದು ಎಂದು ಹೈಕೋರ್ಟ್ ಸ್ಪಷ್ಟಪಡಿಸಿದ್ದನ್ನು ಓದುಗರು ಬಲ್ಲರು. ಸರ್ಕಾರಕ್ಕೆ ಅನ್ವಯಿಸಿದ ಮಾತು ಕಾಲೇಜಿನ ಕೊಠಡಿಗೂ ಅನ್ವಯಿಸಬೇಕು. ಆಂತರಿಕ ಅಂಕ ನೀಡುವ ಅಧ್ಯಾಪಕರೇ ಹಾಳೆ ಹಂಚಿ, ಎದುರಿಗೇ ನಿಂತು ತುಂಬಿಸಿಕೊಳ್ಳುವುದಾದರೆ ಯಾವ ವಿದ್ಯಾರ್ಥಿ ನಿಜ ಬರೆದಾನು? ಮೆಚ್ಚಿಸುವುದಕ್ಕಾಗಿ ಬರೆದ ಉತ್ತರವು ಬರೆಯದ ಉತ್ತರಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ.

‘ಮನೆಯ ಗುಟ್ಟು ಪರರಿಗೇಕೆ?’ ಎಂದು ಹಿರಿಯರು ಆಕ್ಷೇಪಿಸುವುದುಂಟು. ಆ ಅಂಜಿಕೆ ಹುಸಿಯಲ್ಲ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅಲ್ಲಿಯ ಜನರ ಜಗಳ, ಸಾಲ, ಮದುವೆ, ಜಾತಿ ಎಲ್ಲವನ್ನೂ ಕೇಳಿ ಬರೆದುಕೊಂಡರು. ಪುಸ್ತಕದಲ್ಲಿ ಆ ಊರಿಗೆ ‘ರಾಂಪುರ’ವೆಂದು ಹೆಸರಿಟ್ಟರು; ಅದು ಊರಿನ ನಿಜನಾಮವಲ್ಲ. (ನಿಜನಾಮವನ್ನು ಬಲ್ಲವರು ಬಲ್ಲರು, ಇಲ್ಲಿ ಬರೆಯುವ ಅಗತ್ಯ ನಮಗಿಲ್ಲ.) 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಆಹುತಿಯಾದವು. ಆದರೂ ನೆನಪಿನ ಬಲದಿಂದಲೇ ಬರೆದ ಆ ಗ್ರಂಥ 1976ರಲ್ಲಿ ಹೊರಬಂತು. ಮನೆಯ ಮಾತನ್ನು ನಂಬಿ ಹೇಳಿದ ಹಳ್ಳಿಗರೂ, ಊರಿನ ಹೆಸರನ್ನು ಮರೆಮಾಡಿದ ವಿದ್ವಾಂಸರೂ ಸೇರಿದ್ದರಿಂದಲೇ ಅದು ಸಾಧ್ಯವಾಯಿತು.

ಆದ್ದರಿಂದ ಯುವಜನರೇ, ಉತ್ತರಿಸುವ ಮೊದಲು ನೀವೇ ಪ್ರಶ್ನೆ ಕೇಳಿರಿ. ಈ ಅಧ್ಯಯನ ಯಾರದು? ಯಾವ ಸಂಸ್ಥೆಯ ನೈತಿಕ ಸಮಿತಿ ಇದಕ್ಕೆ ಅನುಮತಿ ನೀಡಿದೆ? ನಮ್ಮ ಹೆಸರು, ಫೋನ್ ಸಂಖ್ಯೆ ಏಕೆ ಬೇಕು? ನಡುವೆ ಬಿಟ್ಟುಬಿಡಬಹುದೇ? ಆಧಾರ್ ಸಂಖ್ಯೆಯನ್ನೋ ಬ್ಯಾಂಕಿನ ವಿವರವನ್ನೋ ಓಟಿಪಿಯನ್ನೋ ಕೇಳಿದರೆ ಅದು ಸಂಶೋಧನೆಯಲ್ಲ, ಮೋಸವೆಂದೇ ತಿಳಿಯಿರಿ. ತೃಪ್ತಿಕರ ಉತ್ತರ ದೊರೆತರೆ ಅರ್ಧ ಗಂಟೆ ಕುಳಿತು, ಉಳ್ಳದ್ದನ್ನು ಉಳ್ಳಂತೆಯೇ ಬರೆಯಿರಿ. ಯಾವುದಾದರೂ ಪ್ರಶ್ನೆ ಮನಸ್ಸಿನ ಹಳೆಯ ಗಾಯವನ್ನು ಕೆದಕಿದರೆ ಅಲ್ಲಿಗೇ ನಿಲ್ಲಿಸಿ, ನಂಬಿಕೆಯವರೊಡನೆ ಮಾತನಾಡಿರಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಹಣವಿಲ್ಲದೆ ಕರೆಮಾಡಬಹುದು.

ಪೋಷಕರಿಗೆ ಒಂದು ಮಾತು. ಪಿಯುಸಿ ಓದುವ ಮಕ್ಕಳಲ್ಲಿ ಹೆಚ್ಚಿನವರಿಗೆ ಹದಿನೆಂಟು ತುಂಬಿರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಂತೆ ಅಂಥವರ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕು, ಮಗುವಿನ ಸಮ್ಮತಿಯೂ ಬೇಕು. ಹಾಳೆಯನ್ನು ಮಗಳೊಡನೆ ಕುಳಿತು ಓದಿ, ಅವಳಿಗೆ ಇಷ್ಟವೇ ಎಂದು ಕೇಳಿ, ಆಮೇಲೆ ಸಹಿ ಹಾಕಿರಿ. ಉತ್ತರಗಳನ್ನು ಬರೆಯುವಾಗ ಮಾತ್ರ ಅವಳನ್ನು ಒಬ್ಬಳೇ ಇರಲು ಬಿಡಿರಿ. ಏನು ಬರೆದೆ ಎಂದು ಆಮೇಲೆ ಕೇಳಲೂ ಬೇಡಿರಿ.