ನಿಮಗಿದು ಗೊತ್ತೇ? ಜೀವ ಯಾವುದು, ನಿಜ ಯಾವುದು?

ಕಾಣುವುದೆಲ್ಲ ನಿಜವೇ? ಜೀವ ಎಂದರೆ ಏನು? ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಲ್ಲ, ಹೊಳೆಗೊಂದು ಗುಡ್ಡಕ್ಕೊಂದು ಉತ್ತರವಿದೆ.

● ಹೊಸನಗರ ತಾಲೂಕಿನ ರಾಮಚಂದ್ರಾಪುರ ಮಠದ್ದು ಅದ್ವೈತ ಪರಂಪರೆ: ಬ್ರಹ್ಮವೊಂದೇ ಸತ್ಯ, ಜೀವ ಅದರಿಂದ ಬೇರೆಯಲ್ಲ. ತೀರ್ಥಹಳ್ಳಿ ತಾಲೂಕಿನ ಭೀಮನಕಟ್ಟೆಯಲ್ಲಿ ಮಧ್ವ ಪರಂಪರೆಯ ಮಠವಿದೆ. ಅಲ್ಲಿ ಜಗತ್ತೂ ಸತ್ಯ. ಜೀವ, ಜಡ, ಈಶ್ವರರ ನಡುವಿನ ಐದು ಭೇದಗಳೂ ಸತ್ಯ.

● ಹುಂಚದ ಪಂಚಕೂಟ ಬಸದಿ 1077ರದು, ಚಟ್ಟಲದೇವಿ ಕಟ್ಟಿಸಿದ್ದು. ಒಂದು ವಸ್ತುವಿಗೆ ಹಲವು ಮುಖ, ಯಾರ ನೋಟವೂ ಪೂರ್ತಿಯಲ್ಲ ಎನ್ನುವುದು ಜೈನರ ಅನೇಕಾಂತ. ವಾದಕ್ಕೆ ಕೂರುವ ಮುನ್ನ ಎಲ್ಲರೂ ಕಲಿಯಬೇಕಾದ ಪಾಠವಿದು.

● ಕೆಳದಿಯ ಬಸಪ್ಪ ನಾಯಕ 1709ರಲ್ಲಿ ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ ಬರೆದ. ಅದರಲ್ಲಿ 9 ಕಲ್ಲೋಲ (ಭಾಗ), 108 ತರಂಗ (ಅಧ್ಯಾಯ). ಸೃಷ್ಟಿಯ ವಿಚಾರದ ಜೊತೆಗೇ ವೈದ್ಯ, ಪಾಕಶಾಸ್ತ್ರಗಳೂ ಅದರಲ್ಲಿವೆ. ರಾಜ್ಯವಾಳುವವನೊಬ್ಬ ಇಷ್ಟನ್ನೂ ಒಂದೇ ಗ್ರಂಥಕ್ಕೆ ತಂದದ್ದು ದೊಡ್ಡ ಮಾತು.

● ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಸೀತೆಯೊಬ್ಬಳೇ ಅಗ್ನಿಪರೀಕ್ಷೆಗೆ ಒಳಗಾಗುವುದಿಲ್ಲ, ರಾಮನೂ ಬೆಂಕಿ ಹೊಗುತ್ತಾನೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕೃತಿಯಿದು.

● ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ‘ಸಂಸ್ಕಾರ’ ಕಾದಂಬರಿ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ. ಅದರಲ್ಲಿ ಆಚಾರ ಮುರಿದು ಬದುಕಿದ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಗೆ ಧರ್ಮಶಾಸ್ತ್ರದ ಗ್ರಂಥಗಳಲ್ಲೂ ಉತ್ತರ ಸಿಗುವುದಿಲ್ಲ, ಮಾರುತಿಯ ಗುಡಿಯಲ್ಲೂ ಸಿಗುವುದಿಲ್ಲ.

● ಇನ್ನು ಗ್ರಂಥಗಳಿಗೆ ಸಿಗದ ದರ್ಶನವೊಂದಿದೆ: ಭೂಮಿ ಹುಣ್ಣಿಮೆ. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಭತ್ತ ತೆನೆ ಕಟ್ಟುತ್ತಿರುತ್ತದೆ. ಮಲೆನಾಡಿನ ರೈತರಿಗೆ ಭೂಮಿ ಆಗ ತುಂಬು ಬಸುರಿ, ಅವಳ ಬಯಕೆ ತೀರಿಸಬೇಕು. ದೀವರ ಸಮುದಾಯದ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿಸಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲ ಅಡುಗೆ: ಕಡುಬು, ಹತ್ತಾರು ಬಗೆಯ ಸೊಪ್ಪು ಬೆರೆಸಿ ಬೇಯಿಸಿದ ಚರಗ. ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಪೈರಿಗೆ ಪೂಜೆ ಮಾಡಿ, ಚರಗ ಬೀರುತ್ತಾರೆ. ಒಂದು ಪಾಲು ಮಣ್ಣಿನಲ್ಲಿ ಹೂಳುತ್ತಾರೆ. ಕಾಗೆಗೊಂದು ಎಡೆ, ಬೆಳೆ ತಿನ್ನುವ ಇಲಿಗೂ ಒಂದು ಎಡೆ! ಆಮೇಲೆ ಮನೆಮಂದಿಯೆಲ್ಲ ಗದ್ದೆಯಲ್ಲೇ ಕೂತು ಉಣ್ಣುತ್ತಾರೆ. ಜೀವ ಎಂದು ಯಾವುದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕು ಎಂಬುದಕ್ಕೆ ಇಷ್ಟು ಉದಾರವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಬ್ಬಕ್ಕೆ ಊರಿಗೆ ಹೋಗುವವರೇ, ಈ ಸಲ ಮಕ್ಕಳನ್ನು ಮಲಗಿರಲು ಬಿಡಬೇಡಿ, ನಸುಕಿನಲ್ಲೇ ಎಬ್ಬಿಸಿ ಗದ್ದೆಗೆ ಕರೆದುಕೊಂಡು ಹೋಗಿ.