ಅಜ್ಜನ ಎಫ್‌ಡಿ ಇತ್ತು, ಆಸ್ಪತ್ರೆ ಬಿಲ್‌ಗೆ ಸಾಲ ಮಾಡಿದೆವು

ಊರಿನಲ್ಲಿರುವ ಅಪ್ಪ-ಅಮ್ಮನ ವಿಷಯ ಬಂದಾಗ ಇಲ್ಲಿ ದುಬೈನ ಗೆಳೆಯರು ಮೊದಲು ಕೇಳುವುದು, "ಹೆಲ್ತ್ ಇನ್ಶೂರೆನ್ಸ್ ಎಷ್ಟಕ್ಕೆ ಮಾಡ್ಸಿದೀಯ?" ಅಂತ. ಕೇಳಬೇಕಾದದ್ದೇ. ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಅವರು ಸಹಿ ಹಾಕಲಾಗದ ಸ್ಥಿತಿಗೆ ಬಂದರೆ, ಅವರದೇ ಹಣವನ್ನು ಅವರ ಚಿಕಿತ್ಸೆಗೆ ತೆಗೆಯುವವರು ಯಾರು?

ನಮ್ಮ ಮನೆಯಲ್ಲಿ ಆದದ್ದು

ನನ್ನ ಅಜ್ಜ ಸಾಗರದ ಕಡೆ ನಿವೃತ್ತ ಮೇಷ್ಟ್ರು. ಪಿಂಚಣಿಯಲ್ಲಿ ಉಳಿಸಿ 4 ಲಕ್ಷದ ಎಫ್‌ಡಿ ಇಟ್ಟಿದ್ದರು. ಎಲ್ಲ ರಸೀದಿಗಳಲ್ಲೂ ಅಜ್ಜಿಯೇ ನಾಮಿನಿ. "ನಂಗೆ ಏನಾದ್ರೂ ಆದ್ರೆ ನೀವು ಯಾರ ಹತ್ರನೂ ಕೈ ಒಡ್ಡೋದು ಬೇಡ" ಅನ್ನುತ್ತಿದ್ದರು.

2011ರಲ್ಲಿ, ಅವರಿಗೆ 74 ವರ್ಷವಾಗಿದ್ದಾಗ, ಲಕ್ವ ಹೊಡೆಯಿತು. 11 ದಿನ ಐಸಿಯುನಲ್ಲಿದ್ದರು. ಎಚ್ಚರವಾದಾಗ ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಅಪ್ಪ ರಸೀದಿ ಹಿಡಿದು ಬ್ಯಾಂಕಿಗೆ ಹೋದರೆ, "ಯಜಮಾನ್ರ ಸಹಿ ಬೇಕು" ಎಂದರು. ನಾಮಿನಿ ಇದ್ದಾರಲ್ಲ ಎಂದರೆ, "ಅದು ಅವರು ತೀರಿಹೋದ ಮೇಲೆ" ಎಂದರು.

ಅಪ್ಪ ಅಮ್ಮನ ಬಳೆ ಅಡವಿಟ್ಟರು. ಮಂಡಿಯವರ ಹತ್ತಿರ ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ 3 ಲಕ್ಷ ತಂದರು. ತಿಂಗಳಿಗೆ 6,000 ರೂಪಾಯಿ ಬಡ್ಡಿ. 14 ತಿಂಗಳಿಗೆ 84,000. ಅಷ್ಟೇ ಹಣಕ್ಕೆ ಎಫ್‌ಡಿಯಲ್ಲಿ ಶೇ. 9ರಂತೆ ಆ ಅವಧಿಯಲ್ಲಿ ಬಂದದ್ದು 31,500. ನಮ್ಮದೇ ಹಣ ಬ್ಯಾಂಕಿನಲ್ಲಿ ಕೂತಿರುವಾಗ ನಾವು 52,500 ರೂಪಾಯಿ ಕಳೆದುಕೊಂಡೆವು.

ಬ್ಯಾಂಕಿಗೆ ಹೊಸ ಮ್ಯಾನೇಜರ್ ಬಂದ ಮೇಲೆ ಅವರೇ ಮನೆಗೆ ಬಂದು, ಇಬ್ಬರು ಸಾಕ್ಷಿಗಳ ಮುಂದೆ ಅಜ್ಜನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಒಂದು ವಾರದಲ್ಲಿ ಹಣ ಬಂತು. ಆ ವ್ಯವಸ್ಥೆ ಹಿಂದೆಯೂ ಇತ್ತು, ನಮಗೆ ಯಾರೂ ಹೇಳಿರಲಿಲ್ಲ.

ಸಾಲ ತೀರಿತು. ತೀರದೇ ಉಳಿದದ್ದು ಬೇರೆ. ಎಫ್‌ಡಿ ಹಣ ಅಪ್ಪನ ಕೈ ಸೇರಿದೆ ಎಂದು ಚಿಕ್ಕಪ್ಪನಿಗೆ ಅನುಮಾನ. ಅಪ್ಪನ ಹತ್ತಿರ ತೋರಿಸಲು ಲೆಕ್ಕವಿಲ್ಲ. ಇಬ್ಬರೂ ಆರು ವರ್ಷ ಮಾತು ಬಿಟ್ಟರು. ಅಜ್ಜ ಅದೆಲ್ಲವನ್ನೂ ಮಂಚದ ಮೇಲೆ ಮಲಗಿ ನೋಡಿದರು.

ನಾಮಿನಿ ಬೇರೆ, ಜಂಟಿ ಖಾತೆ ಬೇರೆ

ಖಾತೆದಾರ ಬದುಕಿರುವ ತನಕ ನಾಮಿನಿಗೆ ಆ ಹಣದ ಮೇಲೆ ಯಾವ ಅಧಿಕಾರವೂ ಇಲ್ಲ. ಕಾಯಿಲೆಯ ಹೊತ್ತಿಗೆ ಕೆಲಸಕ್ಕೆ ಬರುವುದು 'ಈದರ್ ಆರ್ ಸರ್ವೈವರ್' ಜಂಟಿ ಖಾತೆ. ಉಳಿತಾಯ ಖಾತೆ ಹೀಗಿದ್ದರೆ ಇಬ್ಬರಲ್ಲಿ ಯಾರಾದರೊಬ್ಬರು ಹಣ ತೆಗೆಯಬಹುದು.

ಎಫ್‌ಡಿಯಲ್ಲಿ ಒಂದು ತೊಡಕಿದೆ. ಜಂಟಿಯಾಗಿದ್ದರೂ, ಇಬ್ಬರೂ ಬದುಕಿರುವಾಗ ಅವಧಿಗೆ ಮೊದಲೇ ಮುರಿಯಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಹಾಗಾಗಿ ಆಸ್ಪತ್ರೆಗೆಂದು ಇಟ್ಟ ಹಣದಲ್ಲಿ ಒಂದು ಪಾಲಾದರೂ ಜಂಟಿ ಉಳಿತಾಯ ಖಾತೆಯಲ್ಲೇ ಇರಲಿ. ಬಡ್ಡಿ ಕಡಿಮೆ, ನಿಜ. ಮೇಲಿನ 84,000ದ ಲೆಕ್ಕ ನೆನಪಿಟ್ಟುಕೊಳ್ಳಿ.

ಹೆಬ್ಬೆಟ್ಟಿನ ನಿಯಮ

ಕಾಯಿಲೆ ಬಿದ್ದವರು ಸಹಿ ಹಾಕಲಾಗದಿದ್ದರೆ ಕೈ ಅಥವಾ ಕಾಲಿನ ಹೆಬ್ಬೆಟ್ಟಿನ ಗುರುತು ಪಡೆದು ಹಣ ಕೊಡಬಹುದು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳು ಬೇಕು. ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಶಾಖೆಯಲ್ಲಿ "ಆಗಲ್ಲ" ಎಂದರೆ ಇದನ್ನು ನೆನಪಿಸಿ.

ಪವರ್ ಆಫ್ ಅಟಾರ್ನಿ ಸಾಕೇ?

ಅಪ್ಪ ನಮಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟರೆ ಸಾಕು ಎಂದು ಹಲವರು ಅಂದುಕೊಂಡಿದ್ದಾರೆ. ಭಾರತದ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಬರೆದುಕೊಟ್ಟವರು ಬುದ್ಧಿಸ್ವಾಸ್ಥ್ಯ ಕಳೆದುಕೊಂಡರೆ ಆ ಅಧಿಕಾರವೂ ಕೊನೆಯಾಗುತ್ತದೆ. ಅಂದರೆ ಮರೆವಿನ ಕಾಯಿಲೆ ಬಲಿತಾಗ, ನಮಗೆ ಅದು ಬೇಕಾದ ಹೊತ್ತಿಗೇ ಕೈಕೊಡಬಹುದು.

ನಮ್ಮ ಎನ್‌ಆರ್‌ಇ ಖಾತೆಯಲ್ಲಿ ಹಣವಿದೆ, ಅಪ್ಪ ತೆಗೆಯುತ್ತಾರೆ ಎಂಬುದೂ ಅಷ್ಟು ಸಲೀಸಲ್ಲ. ಊರಿನ ಹತ್ತಿರದ ಸಂಬಂಧಿಯನ್ನು ಅದಕ್ಕೆ 'ಫಾರ್ಮರ್ ಆರ್ ಸರ್ವೈವರ್' ಎಂದಷ್ಟೇ ಸೇರಿಸಬಹುದು. ನಾವಿರುವ ತನಕ ಅವರು ವ್ಯವಹರಿಸಬೇಕಾದರೆ ನಮ್ಮ ಪವರ್ ಆಫ್ ಅಟಾರ್ನಿ ಬೇಕು. ರಜೆಗೆ ಹೋದಾಗ ಅದನ್ನು ಮಾಡಿಟ್ಟು ಬನ್ನಿ.

ವಿಮೆಯ ಬಗ್ಗೆ ಎರಡು ಮಾತು

2024ರ ಏಪ್ರಿಲ್‌ನಿಂದ ಐಆರ್‌ಡಿಎಐ ನಿಯಮ ಬದಲಾಗಿದೆ. 65 ದಾಟಿದವರಿಗೂ ಹೊಸ ಆರೋಗ್ಯ ವಿಮೆ ಸಿಗುವಂತಾಗಿದೆ. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಯಂಥವಕ್ಕೆ ಕಾಯುವ ಅವಧಿ ಗರಿಷ್ಠ 4 ವರ್ಷದಿಂದ 3 ವರ್ಷಕ್ಕೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಪ್ರೀಮಿಯಂ ಮೇಲೆ ಜಿಎಸ್‌ಟಿಯೂ ಇಲ್ಲ. ಆದರೆ ಲಕ್ವದ ಖರ್ಚು ಡಿಸ್ಚಾರ್ಜ್ ದಿನ ಮುಗಿಯುವುದಿಲ್ಲ. ತಿಂಗಳುಗಟ್ಟಲೆ ಫಿಸಿಯೋಥೆರಪಿ, ಡೈಪರ್, ನೋಡಿಕೊಳ್ಳುವವರ ಸಂಬಳ, ಇದರಲ್ಲಿ ಬಹುಪಾಲು ವಿಮೆಯಲ್ಲಿ ಬರುವುದಿಲ್ಲ. ಅದಕ್ಕೆ ಕೈಗೆ ಸಿಗುವ ಹಣವೇ ಬೇಕು.

ಅಣ್ಣತಮ್ಮಂದಿರಿಗೂ ಗೊತ್ತಿರಲಿ

ಜಂಟಿ ಖಾತೆಗೆ ಒಬ್ಬ ಮಗನ ಹೆಸರು ಸೇರಿಸಿದರೆ ಉಳಿದವರಿಗೆ ಅನುಮಾನ ಬರುವುದು ಸಹಜ. ಯಾರ ಹೆಸರು, ಯಾಕೆ, ಯಾವ ಖರ್ಚಿಗೆ ಎಂಬುದನ್ನು ಅಪ್ಪ-ಅಮ್ಮ ಗಟ್ಟಿಯಾಗಿರುವಾಗಲೇ ಎಲ್ಲರನ್ನೂ ಕೂರಿಸಿ, ಅವರ ಬಾಯಿಂದಲೇ ಹೇಳಿಸಿ. ಆಸ್ಪತ್ರೆಯ ಖರ್ಚಿಗೆ ಒಂದು ಪುಸ್ತಕ ಇಡಿ: ತಾರೀಖು, ಮೊತ್ತ, ಕೊಟ್ಟವರು. ಬಿಲ್ಲಿನ ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಅವತ್ತೇ ಹಾಕಿ. ದೂರದಲ್ಲಿರುವ ನಮ್ಮಂಥವರು ದಿನವೂ ಮಾಡಬಹುದಾದ ಕೆಲಸ ಇದು. ಹಣ ಕಳಿಸುವುದರ ಜೊತೆಗೆ ಲೆಕ್ಕ ಬರೆಯುವ ಜವಾಬ್ದಾರಿಯನ್ನೂ ನೀವೇ ವಹಿಸಿಕೊಳ್ಳಿ.